ಎಷ್ಟನೇ ಪುಟ?

ಕನ್ನಡಕದ ಅಂಗಡಿಯವನ ಮನೆಯಲ್ಲಿ ಜಗಳಕ್ಕೆ ಹೊತ್ತು ಗೊತ್ತಾಗಿತ್ತು. ಸಂಜೆ ಏಳರಿಂದ ಎಂಟು. ಆ ಒಂದು ಗಂಟೆ ಹೆಂಡತಿ ಗಂಡನಿಗೆ ಬಾಯಿಗೆ ಬಂದಂತೆ ಬೈಯುವಳು, ಗಂಡ ಕ್ಷಮೆ ಕೇಳುವನು, ಅವಳು ಒಪ್ಪದೆ ಮತ್ತೆ ಬೈಯುವಳು. ಅತ್ತೆ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಾ ಇಬ್ಬರಿಗೂ ಅಂಕ ಕೊಡುವಳು. ಎಂಟಕ್ಕೆ ಊಟ. ಮೇಲಿನ ಮನೆಯವರು ಮೊದಲೆರಡು ದಿನ ಬಾಗಿಲು ಬಡಿದು, ಎಲ್ಲ ಸರಿ ಇದೆ ತಾನೆ ಎಂದು ವಿಚಾರಿಸಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು.

ಬೈಗುಳ ಯಾವುದೂ ಮನೆಯದಲ್ಲ. ಸೊಸೆ ಸಿನಿಮಾಗಳಿಗೆ ದನಿ ಕೊಡುವವಳು. ಹನ್ನೊಂದು ವರ್ಷದಿಂದ ನಾಯಕಿಯ ಗೆಳತಿ, ಆಸ್ಪತ್ರೆಯ ನರ್ಸು, ಗುಂಪಿನಲ್ಲಿ ಕಿರುಚುವ ಹೆಂಗಸು, ಕಾರ್ಟೂನಿನ ಅಳಿಲು ಎಲ್ಲ ಆಗಿ ಈಗ ಮೊದಲ ಸಲ ನಾಯಕಿಗೇ ದನಿ ಕೊಡುವ ಅವಕಾಶ ಸಿಕ್ಕಿತ್ತು. ಒಬ್ಬ ಗಂಡ, ಒಬ್ಬ ಹೆಂಡತಿ, ಒಂದು ಮನೆ, ಅಷ್ಟೇ ಚಿತ್ರ. ಹಾಡಿಲ್ಲ, ಹೊಡೆದಾಟವಿಲ್ಲ. ಇಬ್ಬರೂ ಬೇರೆಯಾಗಬೇಕೋ ಕೂಡಿರಬೇಕೋ ತಿಳಿಯದೆ ಎರಡು ಗಂಟೆ ಮಾತಾಡುತ್ತಾರೆ. ನಿರ್ದೇಶಕರು ಮಾತಿನ ಹಾಳೆಗಳನ್ನೆಲ್ಲ ಮೊದಲೇ ಕೈಗೆ ಕೊಟ್ಟು, "ಮೂರು ವಾರ ಟೈಮಿದೆ ಮೇಡಂ, ಬಾಯಿಪಾಠ ಆಗಿರಬೇಕು" ಎಂದಿದ್ದರು.

ಅಭ್ಯಾಸಕ್ಕೆ ಅವಳಿಗೊಂದು ಕೋಣೆ ಇತ್ತು. ಕೋಣೆ ಎನ್ನುವುದು ಮರ್ಯಾದೆಗೆ. ಹಳೆ ಸೂಟ್‌ಕೇಸು, ಮುರಿದ ಫ್ಯಾನು ಇಡುತ್ತಿದ್ದ ಗೂಡು ಅದು. ಅವಳೇ ಅದನ್ನು ಖಾಲಿ ಮಾಡಿ, ಗೋಡೆಗೆಲ್ಲ ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಅಂಟಿಸಿ, ಬಾಗಿಲಿಗೆ ದಪ್ಪ ರಜಾಯಿ ತೂಗುಹಾಕಿ, ಹೊರಗಿನ ಸದ್ದು ಒಳಗೆ ಬಾರದಂತೆ ಮಾಡಿಕೊಂಡಿದ್ದಳು. ಹದಿನಾರು ವರ್ಷದ ಸಂಸಾರದಲ್ಲಿ ಇದು ನನ್ನದು ಎಂದು ಅವಳು ಬಾಗಿಲು ಹಾಕಿಕೊಂಡ ಜಾಗ ಅದೊಂದೇ.

ಒಂದು ಭಾನುವಾರ ಅವಳು ತರಕಾರಿ ತಂದು ಚೀಲ ಇಳಿಸುವ ಹೊತ್ತಿಗೆ ಒಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಒಂದು ಗೋಡೆಯ ಮೊಟ್ಟೆ ತಟ್ಟೆಗಳು ಕಿತ್ತು ನೆಲದ ಮೇಲೆ ಬಿದ್ದಿವೆ. ಕನ್ನಡಕದವನು ಮಂಚದ ಕಾಲಿಗೆ ಮೊಳೆ ಹೊಡೆಯುತ್ತಿದ್ದಾನೆ. ಮೂಲೆಯಲ್ಲಿ ಎರಡು ಬ್ಯಾಗು, ಬ್ಯಾಗಿನ ಮೇಲೆ ಮುಖ ಊದಿಸಿಕೊಂಡು ಕೂತ ನಾದಿನಿ.

"ಏನ್ರೀ ಇದು?"

"ತಂಗಿ ಬಂದಿದಾಳೆ. ಸ್ವಲ್ಪ ದಿನ ಇರ್ತಾಳೆ."

"ಬರಲಿ. ಬೇಡ ಅಂದೋರು ಯಾರು? ನನಗೊಂದು ಮಾತು ಹೇಳ್ಬಹುದಿತ್ತಲ್ಲ."

"ನೀನು ತರಕಾರಿಗೆ ಹೋಗಿದ್ದೆ."

ಅವನ ಲೆಕ್ಕದಲ್ಲಿ ಇದು ಪೂರ್ತಿ ಉತ್ತರ. ಮತ್ತೆ ಮೊಳೆಗೆ ಸುತ್ತಿಗೆ ಬಿತ್ತು.

ಕನ್ನಡಕದವನು ಕೆಟ್ಟವನಲ್ಲ. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಹೇಳಿದ ಹೊತ್ತಿಗೆ ಮನೆಗೆ ಬರುವವನು. ಅವನದು ಒಂದೇ ತೊಂದರೆ. ಮನೆಯವರಿಗೆ ಏನು ಬೇಕೆಂದು ಅವರಿಗಿಂತ ಮೊದಲು ತನಗೇ ಗೊತ್ತು ಎಂದು ಅವನು ತಿಳಿದಿದ್ದ. ಮಗಳ ಶಾಲೆ, ತಾಯಿಯ ಮಾತ್ರೆ, ಪರದೆಯ ಬಣ್ಣ, ಎಲ್ಲವನ್ನೂ ಅವನೇ ತೀರ್ಮಾನಿಸಿ ಮುಗಿಸಿಬಿಡುವನು. ಜಗಳಕ್ಕೆ ಹೋದರೆ ಹೂಂ ಇಲ್ಲ, ಉಹೂಂ ಇಲ್ಲ. ಇಂಥವನ ಜೊತೆ ಜಗಳವಾಡುವುದು ಎಷ್ಟು ಸುಸ್ತಿನ ಕೆಲಸ ಎಂಬುದು ಮಾಡಿದವರಿಗೇ ಗೊತ್ತು.

ನಾದಿನಿಯ ಕಥೆಯೂ ಇದರ ಪಕ್ಕದ್ದೇ. ಅವಳ ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಅವನ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಮನೆಯಲ್ಲೂ ಅವನ ಕಾಲು ಅದರ ಮೇಲೇ. ಅವಳು ಒಂದು ಟೈಲರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಗಂಡ ಎರಡು ತಿಂಗಳು ನೋಡಿ, ತಾನೇ ಅಂಗಡಿಗೆ ಹೋಗಿ "ಇವಳು ನಾಳೆಯಿಂದ ಬರಲ್ಲ" ಎಂದು ಹೇಳಿ ಬಂದಿದ್ದ. ಮರುದಿನ ಅವಳು ಕೆಲಸಕ್ಕೆ ಹೋದಾಗ ಅವಳ ಹೊಲಿಗೆ ಯಂತ್ರದ ಮುಂದೆ ಬೇರೆಯವಳು ಕೂತಿದ್ದಳಂತೆ. ಮನೆಯ ಬೀಗದ ಕೈಯನ್ನು ಗಂಡನ ಮುಂದೆ ಎಸೆದು ಇಲ್ಲಿಗೆ ಬಂದಿದ್ದಳು.

"ಮೂವತ್ತನಾಲ್ಕು ವರ್ಷದೋಳು ಮೊಟ್ಟೆ ತಟ್ಟೆ ಮಧ್ಯೆ ಮಲಗಬೇಕಾಯ್ತು" ಎಂದಳು ಬಂದ ಮರುದಿನ ಬೆಳಗ್ಗೆ.

"ಮರಿ ಆಗಿ ಹೊರಗೆ ಬಾ" ಎಂದಳು ಅತ್ತೆ, ಚಹಾ ಸೋಸುತ್ತಾ.

ಹೀಗೆ ಅಭ್ಯಾಸ ಊಟದ ಮೇಜಿಗೆ ಬಂತು. ಸೊಸೆ ನಾಯಕಿಯ ಮಾತು ಹೇಳಬೇಕು, ನಾಯಕನ ಮಾತು ಯಾರಾದರೂ ಓದಬೇಕು. ಮಗಳು ಎಂಟನೇ ತರಗತಿ. "ಗಂಡನ ಪಾರ್ಟು ನಾನು ಮಾಡಲ್ಲ, ಅದು ಬೋರು" ಎಂದಳು. ಕನ್ನಡಕದವನು ಮರುಮಾತಿಲ್ಲದೆ ಹಾಳೆ ಎತ್ತಿಕೊಂಡ. ದೂರದ ಕನ್ನಡಕ ತೆಗೆದು ಓದುವ ಕನ್ನಡಕ ಹಾಕಿಕೊಂಡ. ಗಂಟಲು ಸರಿಮಾಡಿಕೊಂಡು ಓದಿದ:

"ನೀನು ಹೋದ್ರೆ ಈ ಮನೇಲಿ ನಾನು ಯಾರ ಹತ್ರ ಮಾತಾಡ್ಲಿ? ಬೆಳಗ್ಗೆ ಎದ್ದ ತಕ್ಷಣ ಯಾರ ಮುಖ ಹುಡುಕ್ಲಿ?"

ಬಟಾಣಿ ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಮಗಳು ಲೆಕ್ಕದ ಪುಸ್ತಕದಿಂದ ತಲೆ ಎತ್ತಿದಳು. ಅಷ್ಟು ಚೆನ್ನಾಗಿ ಓದಿದ್ದ ಅವನು. ದನಿ ಎಲ್ಲಿ ಇಳಿಯಬೇಕೋ ಅಲ್ಲಿ ಇಳಿದಿತ್ತು, ಎಲ್ಲಿ ತಡೆಯಬೇಕೋ ಅಲ್ಲಿ ತಡೆದಿತ್ತು. ಸೊಸೆಗೆ ಖುಷಿಯಾಗಬೇಕಿತ್ತು. ಆದದ್ದು ಮೈಯೆಲ್ಲ ಉರಿ.

"ಯಾಕೆ ನಿಲ್ಲಿಸಿದೆ? ನಿಂದೇ ಮಾತು ಈಗ" ಎಂದ ಅವನು.

"ಇಷ್ಟು ಚೆನ್ನಾಗಿ ಮಾತಾಡೋಕೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ."

"ಓದೋದು ತಾನೆ. ಬರೆದಿದೆಯಲ್ಲ ಇಲ್ಲಿ."

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂತವಳು. ಒಂದು ಹಲೋ ಕೇಳಿದರೆ ಆ ಕಡೆಯವರು ಸಾಲಗಾರರೋ ಪ್ರೇಮಿಗಳೋ ಹೇಳಿಬಿಡುತ್ತಿದ್ದೆ ಎನ್ನುವುದು ಅವಳ ಜಂಬ. ಆದ್ದರಿಂದ ತಿದ್ದುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಳು. "ಇನ್ನೂ ಸ್ವಲ್ಪ ಸಿಟ್ಟು ಹಾಕು." "ಅಳು ಜಾಸ್ತಿ ಆಯ್ತು." "ಹತ್ತಕ್ಕೆ ಆರು." ಒಂದು ವಾರದಲ್ಲಿ ಸೊಸೆಯ ಪ್ರತಿ ಮಾತಿಗೂ ಅಂಕ ಬೀಳತೊಡಗಿತು. ಉಪ್ಪು ಎಲ್ಲಿದೆ ಎಂದು ಕೇಳಿದರೂ ಮಗಳು "ಐದೂವರೆ" ಎನ್ನುವಳು.

ಎರಡನೇ ವಾರ ನಾದಿನಿಯ ವೇಷ ಬದಲಾಯಿತು. ಬಂದಾಗ ಅತ್ತು ಮುಖ ಊದಿಸಿಕೊಂಡಿದ್ದವಳು ಈಗ ತಲೆ ಬಾಚಿ, ನೆಟ್ಟಗೆ ಕೂತು ಗಂಡನ ಫೋನಿಗೆ ಕಾಯುವಳು. ಒಂದು ಬೆಳಗ್ಗೆ ಸೊಸೆ ಬಟ್ಟೆ ಒಣಹಾಕುತ್ತಿದ್ದಾಗ ಅಡುಗೆಮನೆಯಿಂದ ಮಾತು ಕೇಳಿಸಿತು.

"ನಿಮ್ಮ ಪಕ್ಕದಲ್ಲಿ ಇರೋವಾಗ್ಲೇ ನಾನು ಅತಿ ಹೆಚ್ಚು ಒಂಟಿಯಾಗಿದ್ದೆ. ಇದು ನಿಮಗೆ ಅರ್ಥ ಆಗೋ ದಿನ ನಾನು ಕಾಯ್ತಾ ಇರಲ್ಲ."

ಹದಿನೇಳನೇ ಪುಟ. ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಆ ಕಡೆಯಿಂದ ಡ್ರೈವಿಂಗ್ ಮೇಷ್ಟ್ರು ಏನೋ ತೊದಲಿದ. ನಾದಿನಿ ಫೋನಿಟ್ಟು, ಅತ್ತಿಗೆ ಬಾಗಿಲಲ್ಲಿ ನಿಂತದ್ದು ಕಂಡು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯಂತೆ ನಕ್ಕಳು.

"ಏನು ಮಾಡ್ಲಿ ಅತ್ತಿಗೆ. ಅವರ ಎದುರು ನನ್ನ ಬಾಯಿ ಕಟ್ಟಿಹೋಗುತ್ತೆ. ನಿಮ್ಮ ಹಾಳೇಲಿ ಎಲ್ಲ ಬರೆದಿಟ್ಟಿದಾರೆ."

"ಅದು ಸಿನಿಮಾ ಕಣೆ. ಆ ಹೆಂಗಸು ಕೊನೆಗೆ ವಾಪಸ್ ಹೋಗ್ತಾಳೆ."

"ಕೊನೆ ಪುಟ ನಾನು ಓದಲ್ಲ, ಬಿಡಿ."

ಸೊಸೆಗೆ ಬೈಯಬೇಕೆನಿಸಿತು, ಬಾಯಿಗೆ ನಗು ಬಂತು. ಆ ದಿನ ಇಬ್ಬರೂ ಸೇರಿ ಪರದೆ ಒಗೆದರು. ಹತ್ತು ದಿನದಲ್ಲಿ ಮೊದಲ ಸಲ ಆ ಕೋಣೆ ಹೋದ ಸಿಟ್ಟು ಅವಳಿಗೆ ಮರೆತುಹೋಗಿತ್ತು.

ಆದರೆ ಡ್ರೈವಿಂಗ್ ಮೇಷ್ಟ್ರು ಮರೆಯುವವನಲ್ಲ. ಅವನು ನೇರವಾಗಿ ಕನ್ನಡಕದ ಅಂಗಡಿಗೇ ಫೋನು ಮಾಡಿದ. ನನ್ನ ಹೆಂಡತಿ ಇಂಥ ಮಾತಾಡೋಳಲ್ಲ, ನಿಮ್ಮ ಮನೇಲಿ ಯಾರೋ ಹೇಳಿಕೊಡ್ತಿದಾರೆ, ಯಾರು ಅಂತ ನಾನು ಬಾಯಿಬಿಟ್ಟು ಹೇಳಬೇಕಾ ಎಂದ. ಕನ್ನಡಕದವನು ಎಲ್ಲ ಕೇಳಿಕೊಂಡ. ಮನೆಗೆ ಬಂದು ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಅವನ ತಲೆಯೊಳಗೆ ತೀರ್ಮಾನಗಳು ಆಗುತ್ತಿದ್ದ ರೀತಿಯೇ ಅದು, ಸದ್ದಿಲ್ಲದೆ.

ಮೂರನೇ ವಾರದ ಮಂಗಳವಾರ, ಊಟಕ್ಕೆ ಸ್ವಲ್ಪ ಮುಂಚೆ, ಸ್ಟುಡಿಯೋದ ಮ್ಯಾನೇಜರ್ ಫೋನು ಮಾಡಿದ. ಸಿಗ್ನಲ್ ಸಿಗಲೆಂದು ಸೊಸೆ ಮೆಟ್ಟಿಲ ಮೇಲೆ ಹೋಗಿ ನಿಂತು ಮಾತಾಡಿದಳು.

"ನೀವು ಅರ್ಧ ದಿನ ಮಾತ್ರ ಬರೋಕಾಗೋದು ಅಂದ್ರಲ್ಲ ಮೇಡಂ, ನಿರ್ದೇಶಕರಿಗೆ ಬೇಜಾರಾಗಿದೆ. ಮುಂದಿನ ಚಿತ್ರಕ್ಕೂ ನಿಮ್ಮನ್ನೇ ಅಂದ್ಕೊಂಡಿದ್ರು. ಅದನ್ನ ಈಗ ಬೇರೆಯವರಿಗೆ ಕೊಟ್ಟಿದಾರೆ."

"ಅರ್ಧ ದಿನ ಅಂತ ನಾನು ಯಾವಾಗ ಅಂದೆ?"

"ನಿಮ್ಮ ಮನೆಯವರು ಹೇಳಿದ್ರು, ಮನೇಲಿ ನೆಂಟರಿದಾರೆ, ಪೂರ್ತಿ ದಿನ ನಿಮಗೆ ಕಷ್ಟ ಆಗುತ್ತೆ ಅಂತ. ಶನಿವಾರ ಫೋನ್ ಮಾಡಿದ್ದೆ, ನೀವು ಸ್ನಾನಕ್ಕೆ ಹೋಗಿದ್ರಿ."

ಸೊಸೆ ಒಳಗೆ ಬಂದಳು. ಮೇಜಿನ ಮೇಲೆ ತಟ್ಟೆ ಹಾಕಿ ಆಗಿತ್ತು. ಅತ್ತೆ ಅನ್ನ ಬಡಿಸುತ್ತಿದ್ದಳು. ನಾದಿನಿ ನೀರು ತುಂಬುತ್ತಿದ್ದಳು. ಮಗಳು ಆಗಲೇ ಚಮಚ ಹಿಡಿದಿದ್ದಳು. ಗಂಡ ಕುರ್ಚಿ ಎಳೆದು ಕೂತಿದ್ದ. ಸೊಸೆ ಅವನ ಎದುರು ನಿಂತಳು.

"ನನ್ನನ್ನ ಒಂದು ಮಾತು ಕೇಳಬೇಕು ಅಂತ ನಿಮಗೆ ಅನ್ನಿಸಲೇ ಇಲ್ವಾ?"

ಅವನು ತಲೆ ಎತ್ತಿದ.

"ನನ್ನ ಬಾಯಿ ನಿಮ್ಮ ಹತ್ರ ಇದೆಯಾ? ನನ್ನ ಪರವಾಗಿ ಹೂಂ ಅನ್ನೋದು ನೀವು, ಉಹೂಂ ಅನ್ನೋದು ನೀವು. ಹದಿನಾರು ವರ್ಷ ಆಯ್ತು. ಅಂಗಡಿಗೆ ಬಂದವರನ್ನೆಲ್ಲ ಕೂರಿಸಿ, ಈ ಗ್ಲಾಸು ಚೆನ್ನಾಗಿ ಕಾಣುತ್ತಾ, ಆ ಗ್ಲಾಸು ಚೆನ್ನಾಗಿ ಕಾಣುತ್ತಾ ಅಂತ ಇಪ್ಪತ್ತು ಸಲ ಕೇಳ್ತೀರಿ. ಮನೆಯವಳನ್ನ ಒಂದು ಸಲ ಕೇಳೋಕಾಗಲ್ಲ. ನನಗೆ ಸಾಕಾಗಿದೆ. ನಾನು ಈ ಮನೇಲಿ ಇರಲ್ಲ."

"ಅಂಗಡಿ ವಿಷಯ ಹೊಸದಾಗಿ ಸೇರಿಸಿದಾರೆ" ಎಂದಳು ನಾದಿನಿ, ಮೆಚ್ಚಿಕೊಂಡು.

"ಕೊನೆಯ ಮಾತು ನುಂಗಿಬಿಟ್ಟೆ ನೋಡು" ಎಂದಳು ಅತ್ತೆ. "ಇರಲ್ಲ ಅನ್ನೋದು ಸ್ಪಷ್ಟವಾಗಿ ಬರಬೇಕು. ನಿನ್ನೆ ಇದಕ್ಕಿಂತ ಚೆನ್ನಾಗಿತ್ತು. ಹತ್ತಕ್ಕೆ ನಾಲ್ಕು."

ಕನ್ನಡಕದವನು ಫ್ರಿಜ್ಜಿನ ಮೇಲೆ ಕೈಯಾಡಿಸಿ ಹಾಳೆಗಳ ಕಟ್ಟು ತೆಗೆದುಕೊಂಡ. ಓದುವ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಮಗುಚಿದ.

"ಎಷ್ಟನೇ ಪುಟ?" ಎಂದ.

ಸೊಸೆ ಅವನನ್ನೇ ನೋಡುತ್ತಾ ನಿಂತಳು. ಚಮಚ ಕೆಳಗಿಟ್ಟವಳು ಮಗಳು ಒಬ್ಬಳೇ.

"ಅಪ್ಪಾ, ಅದು ಪುಟದಲ್ಲಿಲ್ಲ" ಎಂದಳು.

ಅತ್ತೆಯ ಕೈಯ ಸೌಟು ಹಾಗೇ ಪಾತ್ರೆಯ ಮೇಲೆ ನಿಂತಿತು. ಕನ್ನಡಕದವನು ಆಗಲೂ ಇನ್ನೊಂದು ಹಾಳೆ ಮಗುಚಿ ನೋಡಿದ. ಅಷ್ಟರಲ್ಲಿ ಸೊಸೆ ಒಳಗೆ ಹೋಗಿ ನಾಲ್ಕು ಬಟ್ಟೆ ಚೀಲಕ್ಕೆ ತುರುಕಿದ್ದಳು.

"ಏನಾಯ್ತು ಅಂತ ಹೇಳಿ ಹೋಗೆ" ಎಂದು ಅತ್ತೆ ಬಾಗಿಲವರೆಗೂ ಬಂದಳು.

"ಅವರನ್ನೇ ಕೇಳಿ. ನನ್ನ ಮಾತೆಲ್ಲ ಅವರೇ ಆಡ್ತಾರಲ್ಲ." ಮಗಳ ತಲೆ ಸವರಿದಳು. "ನಾನು ದೊಡ್ಡಮ್ಮನ ಮನೇಲಿರ್ತೀನಿ. ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಬಾ."

ಅಕ್ಕನ ಮನೆ ಎರಡು ಸ್ಟಾಪು ದೂರ. ಮರುದಿನದಿಂದ ಸ್ಟುಡಿಯೋ ಕೆಲಸ ಶುರುವಾಯಿತು. ಅವಳು ಬೆಳಗ್ಗೆ ಒಂಬತ್ತಕ್ಕೇ ಹೋಗಿ ಕೂತು, "ನಾನು ಪೂರ್ತಿ ದಿನ ಇರ್ತೀನಿ" ಎಂದು ತನ್ನ ಬಾಯಿಂದಲೇ ಹೇಳಿದಳು. ಮುಂದಿನ ಚಿತ್ರವಂತೂ ಕೈತಪ್ಪಿತ್ತು. ಇದರಲ್ಲಾದರೂ ತಾನು ಯಾರೆಂದು ತೋರಿಸಬೇಕೆಂಬ ಹಟ. ಪರದೆಯ ಮೇಲೆ ನಾಯಕಿ ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೈಕಿನ ಮುಂದೆ ಸೊಸೆ ನಾಯಕಿಯ ಮಾತನ್ನು, ಮಂಗಳವಾರ ಮನೆಯಲ್ಲಿ ತನ್ನ ಮಾತು ಆಡಿದಂತೆಯೇ ಆಡಿದಳು, ಮೆಲ್ಲಗೆ, ಕೊನೆಯ ಅಕ್ಷರ ಗಂಟಲಲ್ಲೇ ಉಳಿಯುವಂತೆ.

ಗಾಜಿನ ಆಚೆಯಿಂದ ನಿರ್ದೇಶಕರು ಗುಂಡಿ ಒತ್ತಿದರು. "ಕೇಳಿಸ್ತಿಲ್ಲ ಮೇಡಂ, ನುಂಗ್ತಿದೀರಿ. ಸಿಟ್ಟು ಬಂದೋರು ಹೀಗೆ ಮಾತಾಡಲ್ಲ."

ಏಳು ಸಲ ಹೇಳಿಸಿದರು. ಎಂಟನೇ ಸಲ ಅವಳು ಹಲ್ಲು ಕಚ್ಚಿ, ಅತ್ತೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದ ಹಳೆಯ ಕಿರುಚಾಟವನ್ನೇ ಕಿರುಚಿದಳು.

"ಇದು. ಎಷ್ಟು ನಿಜ ಅನ್ಸುತ್ತೆ ನೋಡಿ" ಎಂದರು ನಿರ್ದೇಶಕರು.

ಮನೆಯಲ್ಲಿ ಅತ್ತೆ ಅಡುಗೆ ಹಿಡಿದಳು. ಸಂಜೆ ಏಳಾದರೆ ಯಾರಿಗೂ ಏನು ಮಾಡಬೇಕೆಂದು ತೋಚದು. ಮಗಳು ದೊಡ್ಡಮ್ಮನ ಮನೆಯಲ್ಲೇ ಊಟ ಮುಗಿಸಿ ಬರುವಳು. "ನಿನ್ನ ಕಿವೀನೂ ಕಿವುಡಾಯ್ತಲ್ಲಮ್ಮ" ಎಂದು ನಾದಿನಿ ಅಂದದ್ದಕ್ಕೆ ಅತ್ತೆ ಒಂದು ದಿನ ಪೂರ್ತಿ ಮಾತುಬಿಟ್ಟಳು. ಮಾತು ಶುರುಮಾಡಿದಾಗ ಮಗನಿಗೆ ಶುರುಮಾಡಿದಳು.

"ಹೋಗಿ ಕರ್ಕೊಂಡು ಬಾ."

"ಹೂಂ."

"ಹೂಂ ಅಂದ್ರೆ ಆಯ್ತಾ? ಹೋಗಿ ಏನು ಹೇಳ್ತೀಯ?"

"ಅವಳಿಗೆ ಏನು ಬೇಕು ಅಂತ ನನಗೆ ಗೊತ್ತು" ಎಂದ ಕನ್ನಡಕದವನು.

ಶನಿವಾರ ಸಂಜೆ ನಾಲ್ಕಕ್ಕೆ ಸೊಸೆ ಸ್ಟುಡಿಯೋದಿಂದ ಹೊರಗೆ ಬಂದಾಗ ಎದುರಿನ ಚಹಾ ಅಂಗಡಿಯ ಮುಂದೆ ಅವನು ನಿಂತಿದ್ದ. ತನ್ನ ಅಂಗಡಿ ಮುಚ್ಚಿ ಬಂದಿದ್ದ. ಶನಿವಾರ ಅವನು ಅಂಗಡಿ ಮುಚ್ಚಿದ್ದನ್ನು ಅವಳು ಕಂಡೇ ಇರಲಿಲ್ಲ. ಎದೆ ಒಂದು ಕ್ಷಣ ಮೆತ್ತಗಾಯಿತು, ಅದನ್ನು ಸುಳ್ಳೆನ್ನುವುದು ಬೇಡ.

"ಬಾ, ಮನೆಗೆ ಹೋಗೋಣ" ಎಂದ. "ಕೋಣೆ ಖಾಲಿ ಮಾಡಿದೀನಿ. ಮೊಟ್ಟೆ ತಟ್ಟೆ ಎಲ್ಲ ಮತ್ತೆ ಅಂಟಿಸಿದೀನಿ. ಹೊಸ ಗೋಂದು ತಂದಿದ್ದೆ."

"ಖಾಲಿ ಅಂದ್ರೆ? ಅವಳೆಲ್ಲಿ ಮಲಗ್ತಾಳೆ?"

"ಅವಳು ಹೋದಳು. ಅವಳ ಗಂಡನ ಹತ್ರ ನಾನೇ ಮಾತಾಡ್ದೆ. ಬೆಳಗ್ಗೆ ಆಟೋ ಹತ್ತಿಸಿದೆ."

ಸೊಸೆ ಕೇಳಿದಳು, "ಹೋಗ್ತೀನಿ ಅಂದಳಾ?"

"ಏನೂ ಅನ್ನಲಿಲ್ಲ."

"ನೀವು ಕೇಳಿದ್ರಾ?"

"ಏನು ಕೇಳೋದು? ನಿನಗೆ ಕೋಣೆ ಬೇಕಿತ್ತು. ಅವಳಿಂದ ನಿನಗೆ ಕೆಟ್ಟ ಹೆಸರು ಬರ್ತಿತ್ತು. ಎಲ್ಲ ಸರಿ ಮಾಡಿದೀನಿ." ಅವನ ಮುಖದಲ್ಲಿ ಮೋಸವಿರಲಿಲ್ಲ. ಮನಸ್ಸಿಟ್ಟು ಕೆಲಸ ಮಾಡಿ, ಮೆಚ್ಚುಗೆಗೆ ಕಾದು ನಿಂತವನ ಮುಖ ಅದು. ಅದನ್ನು ನೋಡಿ ಅವಳಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ನನ್ನ ಹೆಸರಲ್ಲಿ ಅವಳನ್ನ ಹೊರಗೆ ಹಾಕಿದ್ರಾ ನೀವು? ನಾನು ಕೋಣೆಗೋಸ್ಕರ ಹೋದೆ ಅಂದ್ಕೊಂಡ್ರಾ?"

"ಮತ್ತೆ ಯಾತಕ್ಕೆ ಹೋದೆ?"

ಮಂಗಳವಾರ ಹೇಳಿದ್ದನ್ನೇ ಮತ್ತೆ ಹೇಳಬೇಕಿತ್ತು. ಹೇಳಲಿಲ್ಲ. ಆಟೋಗೆ ಕೈ ಮಾಡಿ ನಾದಿನಿಯ ಮನೆಯ ದಾರಿ ಹೇಳಿದಳು; ಅವನೂ ಹತ್ತಿ ಕೂತ.

ಡ್ರೈವಿಂಗ್ ಮೇಷ್ಟ್ರ ಮನೆಯ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಎರಡು ಬ್ಯಾಗು, ಪಕ್ಕದಲ್ಲಿ ನಾದಿನಿ. ಶನಿವಾರ ಮೇಷ್ಟ್ರಿಗೆ ಸಂಜೆಯವರೆಗೂ ಕ್ಲಾಸು. ಇವಳ ಹತ್ತಿರ ಬೀಗದ ಕೈ ಇಲ್ಲ. ಬೆಳಗ್ಗೆ ಹತ್ತರಿಂದ ಅಲ್ಲೇ ಕೂತಿದ್ದಳು. ಬಿಸಿಲು ಒಂದು ಕೆನ್ನೆಗೆ ಬಡಿದು ಕೆಂಪಾಗಿತ್ತು.

"ಫೋನ್ ಮಾಡೋದಲ್ವಾ ನನಗೆ" ಎಂದ ಕನ್ನಡಕದವನು.

ನಾದಿನಿ ಅಣ್ಣನ ಕಡೆ ನೋಡಲೇ ಇಲ್ಲ. ಸೊಸೆ ಹೋಗಿ ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತಳು.

"ನಾನು ಕಳಿಸು ಅಂದಿಲ್ಲ ಕಣೆ."

"ಗೊತ್ತು. ನೀವಾಗಿದ್ರೆ ಮುಖಕ್ಕೇ ಹೇಳ್ತಿದ್ರಿ."

"ನಿನಗೆ ಏನು ಬೇಕು, ಹೇಳು. ಇಲ್ಲಿರ್ತೀಯೋ, ನಮ್ಮನೆಗೆ ಬರ್ತೀಯೋ, ಬೇರೆ ಎಲ್ಲಾದ್ರೂ ಇರ್ತೀಯೋ?"

ನಾದಿನಿ ಬೆನ್ನು ನೆಟ್ಟಗೆ ಮಾಡಿದಳು. "ನನ್ನ ಹೆಜ್ಜೆ ಸದ್ದು ನನಗೇ ಕೇಳಿಸೋ ಅಂಥ ಒಂದು ಮನೆ..." ಎಂದು ಶುರುಮಾಡಿದವಳು ಅಲ್ಲೇ ನಿಂತಳು. "ಅದು ನಿಮ್ಮ ನಾಯಕಿ ಮಾತು, ಅಲ್ವಾ?"

"ಹೌದು. ನಿಂದು ಹೇಳು."

ನಾದಿನಿ ಬಹಳ ಹೊತ್ತು ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ, ಹಾಕುತ್ತಾ ಕೂತಳು.

"ಹೊಟ್ಟೆ ಹಸೀತಿದೆ ಅತ್ತಿಗೆ. ಬೆಳಗ್ಗಿಂದ ಏನೂ ತಿಂದಿಲ್ಲ. ಮೊದಲು ಊಟ. ಆಮೇಲೆ ಎಲ್ಲಿಗೆ ಅಂತ ಯೋಚಿಸ್ತೀನಿ."

"ಊಟ ತಾನೆ" ಎಂದ ಕನ್ನಡಕದವನು, ತನಗೆ ಗೊತ್ತಿರುವ ಕೆಲಸವೊಂದು ಕಡೆಗೂ ಸಿಕ್ಕಿದ ಸಮಾಧಾನದಿಂದ. ಎರಡೂ ಬ್ಯಾಗು ಎತ್ತಿಕೊಂಡ. "ಮೂಲೇಲಿ ಒಂದು ಹೋಟೆಲಿದೆ, ಚೆನ್ನಾಗಿದೆ. ಅಲ್ಲಿಗೆ ಹೋಗೋಣ. ಊಟ ಮಾಡಿ ಸೀದಾ ಮನೆಗೆ. ಇವಳಿಗೆ ಹಾಲ್‌ನಲ್ಲಿ ಮಂಚ ಹಾಕಿಸ್ತೀನಿ. ಬನ್ನಿ."

ಅವನು ಹೊರಟ. ನಾದಿನಿ ಏಳಲು ಮೆಟ್ಟಿಲಿಗೆ ಕೈಯೂರಿದಳು. ಸೊಸೆ ಅವಳ ಮೊಣಕೈ ಹಿಡಿದು ಕೂರಿಸಿದಳು.

ಇಬ್ಬರೂ ನೋಡುತ್ತಾ ಕೂತರು. ಅವನು ಬೀದಿಯ ಎಡಬದಿ ಹಿಡಿದು ನಡೆದ. ಹಾಲ್‌ನಲ್ಲಿ ಮಂಚ ಎಲ್ಲಿ ಹಾಕಬೇಕು, ಟೀವಿಯನ್ನು ಎತ್ತ ಸರಿಸಬೇಕು ಎಂದು ಹೇಳುತ್ತಾ ಹೋಗುತ್ತಿದ್ದದ್ದು ಸ್ವಲ್ಪ ದೂರದವರೆಗೆ ಕೇಳಿಸುತ್ತಿತ್ತು. ಕ್ಷೌರದ ಅಂಗಡಿ ದಾಟಿದ. ಔಷಧಿ ಅಂಗಡಿ ದಾಟಿದ. ಹೋಟೆಲಿನ ಬಾಗಿಲಿಗೆ ಹೋಗಿ, ಬ್ಯಾಗು ಇಳಿಸಿ, ಮೂರು ಬೆರಳು ತೋರಿಸಿ ಒಳಗಿನವರಿಗೆ ಏನೋ ಹೇಳಿದ. ಆಮೇಲೆ ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಅವನು ಬೀದಿಯುದ್ದಕ್ಕೂ ನೋಡಿ, ಇವರನ್ನು ಕಂಡು, ಬನ್ನಿ ಎಂದು ಕೈ ಬೀಸಿದ. ಇಬ್ಬರೂ ಕದಲಲಿಲ್ಲ. ಮತ್ತೆ ಬೀಸಿದ. ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತ. ಕೊನೆಗೆ ಎರಡೂ ಬ್ಯಾಗು ಮತ್ತೆ ಎತ್ತಿಕೊಂಡು, ಔಷಧಿ ಅಂಗಡಿ, ಕ್ಷೌರದ ಅಂಗಡಿ ದಾಟಿ, ಏದುಸಿರು ಬಿಡುತ್ತಾ ಮೆಟ್ಟಿಲ ಹತ್ತಿರ ಬಂದು ನಿಂತ.

ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿದ. ತಂಗಿಯ ಮುಖ ನೋಡಿದ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡ.

"ಏನು... ಏನು ತಿಂತೀಯ?" ಎಂದು ಕೇಳಿದ. ಮಾತು ತಡವರಿಸಿತ್ತು, ಕೊನೆಯ ಅಕ್ಷರ ಗಂಟಲಲ್ಲೇ ಉಳಿದಿತ್ತು.

ನಾದಿನಿ ಅತ್ತಿಗೆಯ ಕಡೆ ನೋಡಿದಳು. ಉತ್ತರ ಹೇಳಲು ಅವಳಿಗೆ ಅವಸರವಿರಲಿಲ್ಲ.